ಮುಂದಿನ ಶಾಕ್ ಸರಿಯಿಲ್ಲ ಅನ್ನಿಸಿದಾಗ: ಫೋರ್ಕ್ ಆಯಿಲ್ ಬದಲಿಸುವ ಮೊದಲು ನೋಡಬೇಕಾದ್ದು, ಬದಲಿಸುವ ಬಗೆ

ಮಲೆನಾಡಿನಲ್ಲಿ ಬೈಕಿನ ಮುಂದಿನ ಶಾಕ್‌ಗೆ, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲಿನ ಫೋರ್ಕಿಗೆ, ಕೆಲಸ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಂಪು ಮಣ್ಣಿನ ಕೆಸರು. ಮನೆಯಿಂದ ಡಾಂಬರು ರಸ್ತೆ ಸೇರುವವರೆಗೆ ತೋಟದ ದಾರಿಯ ಕಲ್ಲು, ನಡುವೆ ಒಂದೆರಡು ಹಳ್ಳ. ತೀರ್ಥಹಳ್ಳಿಯಿಂದ ಉಡುಪಿ ಕಡೆ ಹೊರಟರೆ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಪ್ರತಿ ಬಾರಿಯೂ ಬ್ರೇಕ್ ಹಿಡಿಯಬೇಕು, ಫೋರ್ಕ್ ಕುಗ್ಗಿ ಏಳಬೇಕು. ಹೊಸನಗರದ ಕಡೆಯವರಿಗೆ ಹುಲಿಕಲ್ ಘಾಟಿ ಇದ್ದೇ ಇದೆ.

ಇಷ್ಟೆಲ್ಲ ಆದ ಮೇಲೆ ಶಾಕ್ ಸೋತರೆ ಆಶ್ಚರ್ಯವಿಲ್ಲ. ಆದರೆ ಅದಕ್ಕೆ ಸಿಗುವ ಉತ್ತರ ಮಾತ್ರ ಹೆಚ್ಚಿನ ಕಡೆ ಒಂದೇ: "ಸ್ವಲ್ಪ ದಪ್ಪ ಆಯಿಲ್ ಹಾಕಿಬಿಡೋಣ." ಇದನ್ನು ನಾನು ಒಪ್ಪುವುದಿಲ್ಲ. ದಪ್ಪ ಆಯಿಲ್ ಹಾಕಿದರೆ ಕೆಲವು ದಿನ ಬೈಕ್ ಬಿಗಿಯಾದಂತೆ ಅನ್ನಿಸುತ್ತದೆ. ಸೋತ ಸ್ಪ್ರಿಂಗ್, ಸವೆದ ಬುಷ್ (ಪೈಪ್ ಜಾರುವ ಒಳಗಿನ ಬಳೆ), ಸಡಿಲವಾದ ಕೋನ್ ಸೆಟ್ (ಹ್ಯಾಂಡಲ್ ಕತ್ತಿನ ಬೇರಿಂಗ್) ಅದರ ಹಿಂದೆ ಅಡಗಿ ಕೂರುತ್ತವೆ. ಆಯಿಲ್ ಯಾವುದು ಅನ್ನುವ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ದೋಷ ಎಲ್ಲಿದೆ ಅಂತ ಹುಡುಕಬೇಕು.

ಇಲ್ಲಿ ಹೇಳುವುದು ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್ ಬಗ್ಗೆ. ಅಂದರೆ ಹೊಳೆಯುವ ಸ್ಟೀಲ್ ಪೈಪ್ ಮೇಲೆ, ದಪ್ಪನೆಯ ಅಲ್ಯೂಮಿನಿಯಂ ಕಾಲು ಕೆಳಗೆ ಇರುವಂಥದ್ದು. 100 ಸಿಸಿ ಬೈಕಿನಿಂದ ಹಿಡಿದು ಹಳೆಯ 411 ಸಿಸಿ ಹಿಮಾಲಯನ್ ತನಕ ಇದೇ ರಚನೆ. 390 ಡ್ಯೂಕ್, ಹೊಸ ಹಿಮಾಲಯನ್ 450 ತರಹದ ತಲೆಕೆಳಗಾದ ಫೋರ್ಕ್‌ಗಳಿಗೆ ಇಲ್ಲಿನ ಲಕ್ಷಣಗಳು ಹೊಂದುತ್ತವೆ, ಆದರೆ ಬಿಚ್ಚುವ ಕೆಲಸ ಬೇರೆ. ಅದಕ್ಕೆ ವಿಶೇಷ ಟೂಲ್ ಬೇಕು. ಅದನ್ನು ಗೊತ್ತಿರುವ ವರ್ಕ್‌ಶಾಪ್‌ಗೇ ಬಿಡಿ.

## ಒಳಗೆ ಏನಿದೆ

ಫೋರ್ಕಿನ ಒಂದೊಂದು ಕಾಲಿನಲ್ಲೂ ಸ್ಪ್ರಿಂಗ್ ಇದೆ, ಆಯಿಲ್ ಇದೆ, ಆಯಿಲ್ ಮೇಲೆ ಒಂದಿಷ್ಟು ಗಾಳಿ ಇದೆ. ಭಾರ ಹೊರುವುದು ಸ್ಪ್ರಿಂಗ್. ಅದು ಕುಗ್ಗುವ, ಏಳುವ ವೇಗವನ್ನು ಹಿಡಿತದಲ್ಲಿಡುವುದು ಆಯಿಲ್. ಚಕ್ರ ಮೇಲೆ ಕೆಳಗೆ ಆಡುವಾಗ ಆಯಿಲ್ ಸಣ್ಣ ತೂತುಗಳ ಮೂಲಕ ನುಗ್ಗಬೇಕು, ಆ ಕಷ್ಟವೇ ತಡೆ. ಮೇಲಿನ ಗಾಳಿ ಫೋರ್ಕ್ ಪೂರ್ತಿ ಕುಗ್ಗಿದಾಗ ಒತ್ತಿಕೊಂಡು ಇನ್ನೊಂದು ಸ್ಪ್ರಿಂಗ್ ಆಗುತ್ತದೆ. ಆಯಿಲ್ ಕಡಿಮೆ ಇದ್ದರೆ ಗಾಳಿಗೆ ಜಾಗ ಜಾಸ್ತಿ, ಕೊನೆಯಲ್ಲಿ ತಡೆ ಕಡಿಮೆ. ಆಯಿಲ್ ಜಾಸ್ತಿ ಆದರೆ ಗಾಳಿಗೆ ಜಾಗವೇ ಇಲ್ಲ, ಒತ್ತಡವೆಲ್ಲ ಸೀಲಿನ ಮೇಲೆ, ಅಂದರೆ ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆಯ ಮೇಲೆ.

## ದುಡ್ಡು ಖರ್ಚಿಲ್ಲದ ಪರೀಕ್ಷೆಗಳು

ಲಕ್ಷಣ ಯಾವುದೇ ಇರಲಿ, ಇವು ಮೊದಲು.

ಮುಂದಿನ ಟೈರಿನ ಗಾಳಿ ನೋಡಿ. ಬೈಕ್ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ. ಎಷ್ಟಿರಬೇಕು ಅನ್ನುವುದು ಮ್ಯಾನುಯಲ್‌ನಲ್ಲಿದೆ, ಎಷ್ಟೋ ಬೈಕ್‌ಗಳಲ್ಲಿ ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲೂ ಇರುತ್ತದೆ. "ಶಾಕ್ ಗಟ್ಟಿಯಾಗಿದೆ" ಅನ್ನುವ ದೂರು ಎಷ್ಟೋ ಸಲ ಬರೀ ಜಾಸ್ತಿ ಗಾಳಿಯ ದೂರು. ಗಾಳಿ ಕಡಿಮೆ ಇದ್ದರೆ ಹ್ಯಾಂಡಲ್ ಭಾರ ಅನ್ನಿಸುತ್ತದೆ, ತಿರುವಿನಲ್ಲಿ ತೂಗುತ್ತದೆ.

ಆಮೇಲೆ ಬೈಕಿನ ಮೇಲೆ ಕೂತು, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲನ್ನು ಜೋರಾಗಿ ಕೆಳಗೆ ಒತ್ತಿ ಬಿಡಿ. ಫೋರ್ಕ್ ಒಮ್ಮೆ ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಆಯಿಲ್ ಕಡಿಮೆಯಾಗಿದೆ, ಇಲ್ಲವೇ ಶಕ್ತಿ ಕಳೆದುಕೊಂಡಿದೆ. ಮೇಲೆ ಬರಲು ತಡಮಾಡಿದರೆ, ನಡುವೆ ತಡೆದು ತಡೆದು ಬಂದರೆ, ಆಯಿಲ್ ತೀರಾ ದಪ್ಪ ಅಥವಾ ಎಲ್ಲೋ ಏನೋ ಉಜ್ಜುತ್ತಿದೆ.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಫೋರ್ಕ್ ಪೈಪಿಗೆ, ಡಸ್ಟ್ ಸೀಲಿನ (ಪೈಪ್ ಕೆಳಗಿನ ಕಾಲಿನೊಳಗೆ ಹೋಗುವಲ್ಲಿ ಧೂಳು ತಡೆಯುವ ರಬ್ಬರ್) ಹತ್ತಿರ ಕಟ್ಟಿ. ತೀರಾ ಬಿಗಿ ಬೇಡ, ಕೈಯಲ್ಲಿ ತಳ್ಳಿದರೆ ಜಾರಬೇಕು. ಬಾಲ ಕತ್ತರಿಸಿ. ದಿನಾ ಹೋಗುವ ದಾರಿಯಲ್ಲಿ ಹೋಗಿ ಬನ್ನಿ. ಫೋರ್ಕ್ ಎಷ್ಟು ಕುಗ್ಗಿತೋ ಅಲ್ಲಿಯವರೆಗೆ ಟೈ ಮೇಲೆ ಸರಿದಿರುತ್ತದೆ. ದೊಡ್ಡ ಗುಂಡಿಗೆ ಬಿದ್ದರೂ ಅರ್ಧಕ್ಕಿಂತ ಮೇಲೆ ಹೋಗದಿದ್ದರೆ ಫೋರ್ಕ್ ಬಿಗಿಯಾಗಿದೆ. ರಸ್ತೆಯ ಮಾಮೂಲಿ ಹಂಪ್‌ಗೇ ತುದಿ ಮುಟ್ಟಿದ್ದರೆ ಮುಂದಿನ ಭಾಗ ಓದಿ. ಬಾಯಿ ಮಾತಿನ "ಶಾಕ್ ಸರಿಯಿಲ್ಲ" ಅನ್ನುವುದಕ್ಕಿಂತ ಈ ಟೈ ನಿಂತ ಜಾಗ ತೋರಿಸಿದರೆ ಮೆಕ್ಯಾನಿಕ್‌ಗೂ ಅನುಕೂಲ.

## ಬ್ರೇಕ್ ಹಿಡಿದರೆ ಮುಂದಿನ ಭಾಗ ದಬಕ್ಕನೆ ಕುಸಿಯುತ್ತದೆ

ಮೊದಲು ಒಂದು ಮಾತು. ಟೆಲಿಸ್ಕೋಪಿಕ್ ಫೋರ್ಕ್ ಇರುವ ಎಲ್ಲ ಬೈಕೂ ಬ್ರೇಕ್ ಹಿಡಿದಾಗ ಮುಂದೆ ಬಾಗುತ್ತದೆ. ಘಾಟಿ ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಅದು ದೋಷವಲ್ಲ. ಮೊದಲಿಗಿಂತ ಜಾಸ್ತಿ ಬಾಗುತ್ತಿದೆಯಾ, ತುದಿಯಲ್ಲಿ "ಠಣ್" ಅಂತ ಲೋಹಕ್ಕೆ ಲೋಹ ಬಡಿಯುತ್ತಿದೆಯಾ, ಅದು ಮುಖ್ಯ.

ಬಡಿಯುತ್ತಿದ್ದರೆ ಮೊದಲ ಅನುಮಾನ ಆಯಿಲ್ ಮಟ್ಟದ ಮೇಲೆ. ಸೀಲ್ ಸೋರಿ ಆಯಿಲ್ ಹೋಗಿದೆಯಾ ನೋಡಿ. ಸೋರಿಕೆ ಕಾಣದಿದ್ದರೆ ಕೊನೆಯ ಬಾರಿ ಆಯಿಲ್ ಹಾಕಿದವರು ಅಂದಾಜಿನಲ್ಲಿ ಹಾಕಿರಬಹುದು. ಆಯಿಲ್ ಮಟ್ಟ ಸರಿಯಿದ್ದೂ ಕುಸಿದರೆ ಸ್ಪ್ರಿಂಗ್ ಸೋತಿದೆ. ಅದನ್ನು ಹೊರಗಿನಿಂದಲೇ ಸ್ವಲ್ಪ ಮಟ್ಟಿಗೆ ಅಳೆಯಬಹುದು. ಚಕ್ರ ನೆಲದಿಂದ ಎದ್ದಿರುವಾಗ ಕಾಣುವ ಪೈಪಿನ ಉದ್ದ ಅಳೆಯಿರಿ. ಆಮೇಲೆ ನೀವು ಕೂತು, ಬೇರೆಯವರಿಂದ ಅದೇ ಉದ್ದ ಅಳೆಸಿ. ಫೋರ್ಕಿನ ಒಟ್ಟು ಚಲನೆಯಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಗ್ಗಿದ್ದರೆ ಸರಿ. ಅದಕ್ಕಿಂತ ತೀರಾ ಜಾಸ್ತಿ ಇದ್ದರೆ ಸ್ಪ್ರಿಂಗ್ ಹೊರತೆಗೆದು ಉದ್ದ ನೋಡಬೇಕು. ಎಷ್ಟು ಗಿಡ್ಡವಾದರೆ ಬದಲಿಸಬೇಕು ಅನ್ನುವ ಮಿತಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ.

ದಪ್ಪ ಆಯಿಲ್ ಇಲ್ಲಿ ಯಾಕೆ ಕೆಲಸ ಮಾಡುವುದಿಲ್ಲ? ಒಂದೇ ಸಮ ಬ್ರೇಕ್ ಹಿಡಿದುಕೊಂಡರೆ ಫೋರ್ಕ್ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಸ್ಪ್ರಿಂಗ್ ಮತ್ತು ಗಾಳಿ. ಎಷ್ಟು ಬೇಗ ಇಳಿಯುತ್ತದೆ ಅನ್ನುವುದಷ್ಟೇ ಆಯಿಲ್ ಕೈಯಲ್ಲಿ. ಅಂದರೆ ದಪ್ಪ ಆಯಿಲ್ ಹಾಕಿದ ಮೇಲೂ ಬೈಕ್ ಅಷ್ಟೇ ಆಳಕ್ಕೆ ಹೋಗುತ್ತದೆ, ನಿಧಾನವಾಗಿ. ಆದರೆ ಗುಂಡಿಗೆ ಬಿದ್ದಾಗ ಕಥೆ ಬೇರೆ. ನಮ್ಮ ಸಾಮಾನ್ಯ ಬೈಕ್‌ಗಳ ಫೋರ್ಕಿನಲ್ಲಿ ಆಯಿಲ್ ಹೋಗುವ ತೂತುಗಳ ಅಳತೆ ಬದಲಾಗುವುದಿಲ್ಲ. ಹಾಗಾಗಿ ಚಲನೆಯ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಚೂಪಾದ ಗುಂಡಿಯ ಅಂಚಿಗೆ ಚಕ್ರ ಹೊಡೆದಾಗ ದಪ್ಪ ಆಯಿಲ್ ದಾರಿ ಬಿಡುವುದೇ ಇಲ್ಲ, ಪೆಟ್ಟು ನೇರ ಮಣಿಕಟ್ಟಿಗೆ. ಘಾಟಿಯಲ್ಲಿ ಸ್ವಲ್ಪ ಸಮಾಧಾನ, ಮಿಕ್ಕ ದಾರಿಯಲ್ಲೆಲ್ಲ ಹಿಂಸೆ. ಬೇಕಾ ಅದು?

ಪೂರ್ತಿ ಕುಗ್ಗಿ ಬಡಿಯುವ ಬೈಕಿನಲ್ಲಿ ಘಾಟಿ ಇಳಿಯಬೇಡಿ. ಕೊನೆ ಮುಟ್ಟಿದ ಫೋರ್ಕ್ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರದ ಹಿಡಿತ ತಪ್ಪಿಸುತ್ತದೆ.

## ಪೈಪಿನ ಮೇಲೆ ಎಣ್ಣೆಯ ಉಂಗುರ, ಕೆಳಗಿನ ಕಾಲು ಜಿಡ್ಡು

ಮಳೆಗಾಲದಲ್ಲಿ ಹೆಚ್ಚು ಕಾಣುವ ದೋಷ ಇದು. ಗಾಬರಿ ಬೇಡ, ಆದರೆ ಉದಾಸೀನವೂ ಬೇಡ.

ಎರಡೂ ಕಾಲನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಂದು ದಿನ ಓಡಿಸಿ. ಪೈಪಿನ ಮೇಲೆ ತೆಳುವಾದ ತೇವ ಮಾತ್ರ ಕಂಡರೆ ಅದು ಸೀಲ್ ನಯವಾಗಿರಲು ಬೇಕಾದಷ್ಟೇ. ಸ್ಪಷ್ಟವಾದ ಉಂಗುರ ಕಟ್ಟಿ, ಅದಕ್ಕೆ ಧೂಳು ಅಂಟಿದ್ದರೆ ಸೀಲ್ ಸೋರುತ್ತಿದೆ. ಹನಿ ಕೆಳಗಿಳಿದು ಆಕ್ಸಲ್ (ಚಕ್ರದ ಅಚ್ಚು) ತನಕ ಬಂದಿದ್ದರೆ ಗಂಭೀರ.

ಈಗ ಮುಂದಿನ ಬ್ರೇಕ್ ನೋಡಿ. ಡಿಸ್ಕ್ ಮೇಲೆ, ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಮೇಲೆ ಎಣ್ಣೆ ಇದ್ದರೆ ಬೈಕ್ ಅಲ್ಲೇ ನಿಲ್ಲಿಸಿ. ಎಣ್ಣೆ ಕುಡಿದ ಪ್ಯಾಡ್ ಮತ್ತೆ ಹಿಡಿಯುವುದಿಲ್ಲ. ಮರಳು ಕಾಗದದಲ್ಲಿ ಉಜ್ಜಿದರೂ ಅಷ್ಟೇ, ಪೆಟ್ರೋಲ್‌ನಲ್ಲಿ ತೊಳೆದರೂ ಅಷ್ಟೇ. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬಹುದು, ಪ್ಯಾಡ್ ಹೊಸದೇ ಆಗಬೇಕು.

ಬ್ರೇಕ್ ಒಣಗಿದ್ದರೆ ಸೀಲ್ ಬದಲಿಸುವ ಮೊದಲು ಒಂದು ಅಗ್ಗದ ಪ್ರಯತ್ನ ಇದೆ. ನಮ್ಮ ಕಡೆ ಸೀಲ್ ಸೋರಲು ದೊಡ್ಡ ಕಾರಣ ಹರಿದ ರಬ್ಬರ್ ಅಲ್ಲ, ಸೀಲಿನ ತುಟಿಯಡಿ ಸಿಕ್ಕಿಕೊಂಡ ಮಣ್ಣಿನ ಕಣ. ತುದಿಗೆ ಟೇಪ್ ಸುತ್ತಿದ ಸ್ಕ್ರೂಡ್ರೈವರ್‌ನಿಂದ ಡಸ್ಟ್ ಸೀಲನ್ನು ಹುಷಾರಾಗಿ ಮೇಲೆತ್ತಿ. ಒಳಗೆ ಕೆಂಪು ಕೆಸರು ಕಂಡರೆ ಒರೆಸಿ ತೆಗೆಯಿರಿ. ಆಮೇಲೆ ಹಳೆ ಕ್ಯಾಮರಾ ಫಿಲ್ಮ್ ತುಂಡು, ಇಲ್ಲವೇ ಅಷ್ಟೇ ತೆಳುವಾದ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನು ಪೈಪ್ ಮತ್ತು ಆಯಿಲ್ ಸೀಲಿನ ನಡುವೆ ತೂರಿಸಿ, ಪೈಪಿನ ಸುತ್ತ ಒಂದು ಸುತ್ತು ಎಳೆಯಿರಿ. ಪಟ್ಟಿಯ ಅಂಚು ನಯವಾಗಿರಲಿ. ಕಣ ಹೊರಗೆ ಬರುತ್ತದೆ. ಒರೆಸಿ, ಫೋರ್ಕ್ ಕೆಲವು ಸಲ ಒತ್ತಿ, ಮತ್ತೆ ಒಂದು ದಿನ ಓಡಿಸಿ ನೋಡಿ. ಸೋರಿಕೆ ನಿಂತರೆ ಸೀಲ್ ಚೆನ್ನಾಗಿದೆ. ಆದರೆ ಹೋದಷ್ಟು ಆಯಿಲ್ ಹೋಗಿರುತ್ತದೆ, ಮಟ್ಟ ನೋಡಲೇಬೇಕು.

ಮತ್ತೆ ಸೋರಿದರೆ ಪೈಪಿನ ಮೇಲೆ ಉಗುರು ಎಳೆಯಿರಿ, ಮೇಲಿನಿಂದ ಕೆಳಗೆ, ಸುತ್ತಲೂ. ತಿಂಗಳುಗಟ್ಟಲೆ ಆರದ ತೇವದಲ್ಲಿ ಕ್ರೋಮ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಸೀಲ್ ಓಡಾಡುವ ಜಾಗದಲ್ಲಿ ಉಗುರು ತಡೆಯುವಷ್ಟು ಚುಕ್ಕೆ ಇದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಅದನ್ನು ಆ ಚುಕ್ಕೆ ಕೊರೆಯುತ್ತದೆ. ಸಣ್ಣ ಉಬ್ಬಿದ್ದರೆ 1500 ಅಥವಾ 2000 ನಂಬರಿನ ನಯವಾದ ಮರಳು ಕಾಗದದಲ್ಲಿ ಎಣ್ಣೆ ಹಚ್ಚಿ ಮೆಲ್ಲಗೆ ಇಳಿಸಬಹುದು. ಗುಣಿ ಬಿದ್ದಿದ್ದರೆ ಪೈಪ್ ಬದಲಿಸಬೇಕು, ಇಲ್ಲವೇ ಹಾರ್ಡ್ ಕ್ರೋಮ್ ಮಾಡಿಸಬೇಕು. ಸೀಲ್ ಓಡಾಡದ ಮೇಲ್ಭಾಗದ ತುಕ್ಕು ನೋಡಲು ಚೆಂದವಿಲ್ಲ ಅಷ್ಟೇ, ಅದರಿಂದ ಸೋರುವುದಿಲ್ಲ.

ಫೋರ್ಕಿಗೆ ರಬ್ಬರ್ ಗೇಟರ್ (ಪೈಪ್ ಮುಚ್ಚುವ ಮಡಿಕೆ ಮಡಿಕೆಯ ರಬ್ಬರ್ ಚೀಲ) ಹಾಕಿಸಿದವರಿಗೆ ಒಂದು ವಿನಂತಿ. ಬೇಸಿಗೆಯ ಧೂಳಿಗೆ ಅದು ಒಳ್ಳೆಯದು. ಮಳೆಗಾಲದಲ್ಲಿ ಒಳಗೆ ನುಗ್ಗಿದ ನೀರು ಹೊರಬರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ತಿಂಗಳಿಗೊಮ್ಮೆ ಎತ್ತಿ ಒರೆಸಿ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ನನ್ನು ಡಸ್ಟ್ ಸೀಲಿಗೆ ನೇರ ಹಿಡಿಯಬೇಡಿ ಅಂತ ಹುಡುಗನಿಗೆ ಮೊದಲೇ ಹೇಳಿ.

## ಗುಂಡಿಗೆ ಬಿದ್ದಾಗ ಟಕ್ ಟಕ್ ಶಬ್ದ

ಶಬ್ದ ಫೋರ್ಕಿನದ್ದೇ ಅಂತ ಮೊದಲೇ ತೀರ್ಮಾನಿಸಬೇಡಿ. ಹೆಡ್‌ಲೈಟ್ ಬ್ರಾಕೆಟ್, ಮಡ್‌ಗಾರ್ಡ್ ಬೋಲ್ಟ್, ನಂಬರ್ ಪ್ಲೇಟ್, ಇವನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ಅದೇ ಗುಂಡಿ ದಾಟಿ. ಶಬ್ದ ನಿಂತರೆ ಅದು ಬ್ರೇಕ್ ಪ್ಯಾಡ್ ಅಲುಗುವ ಶಬ್ದ.

ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ಎತ್ತಿ. ಫೋರ್ಕಿನ ಕೆಳಗಿನ ಎರಡೂ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಅಲುಗಾಟ ಹ್ಯಾಂಡಲ್ ಕತ್ತಿನ ಹತ್ತಿರ ಕಂಡರೆ ಕೋನ್ ಸೆಟ್ ಸಡಿಲ. ಡಸ್ಟ್ ಸೀಲ್ ಮತ್ತು ಪೈಪ್ ಸೇರುವಲ್ಲಿ ಬೆರಳಿಟ್ಟಾಗ ಅಲುಗಾಟ ಸಿಕ್ಕರೆ ಒಳಗಿನ ಬುಷ್ ಸವೆದಿದೆ. ಚಕ್ರವನ್ನು ಅಡ್ಡಕ್ಕೆ ತಳ್ಳಿದಾಗ ಆಡಿದರೆ ವೀಲ್ ಬೇರಿಂಗ್. ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುವಾಗ ನೇರ ನಡುವಿನಲ್ಲಿ ಒಂದು ಹಳ್ಳಕ್ಕೆ ಕೂತಂತೆ ಸಿಕ್ಕಿಕೊಂಡರೆ ಕೋನ್ ಸೆಟ್ ಬದಲಿಸಲೇಬೇಕು, ಬಿಗಿ ಮಾಡಿದರೆ ಸಾಲದು. ಇವು ಯಾವುದಕ್ಕೂ ಫೋರ್ಕ್ ಆಯಿಲ್ ಮದ್ದಲ್ಲ.

ಚಕ್ರ ಮೇಲೆದ್ದಾಗ, ಅಂದರೆ ಹಂಪ್ ದಾಟಿದ ಮೇಲೆ, ಫೋರ್ಕ್ ಪೂರ್ತಿ ಚಾಚಿಕೊಳ್ಳುವಾಗ ಬರುವ ಬಡಿತ ಮಾತ್ರ ಆಯಿಲ್ ಕಡಿಮೆಯಾದ್ದರ ಸೂಚನೆ ಆಗಿರಬಹುದು.

## ಶಾಕ್ ಗಟ್ಟಿ, ಪ್ರತಿ ಕಲ್ಲೂ ಕೈಗೆ ಗೊತ್ತಾಗುತ್ತದೆ

ಬೆಳಗ್ಗೆ ಮಾತ್ರ ಗಟ್ಟಿ, ಹತ್ತು ಕಿ.ಮೀ. ಆದ ಮೇಲೆ ಸರಿ ಅನ್ನಿಸಿದರೆ ಅದು ಚಳಿ. ಡಿಸೆಂಬರ್ ಬೆಳಗ್ಗೆ 15 ಡಿಗ್ರಿಯಲ್ಲಿ ಆಯಿಲ್ 40 ಡಿಗ್ರಿಯಲ್ಲಿರುವುದಕ್ಕಿಂತ ಎರಡು ಮೂರು ಪಟ್ಟು ದಪ್ಪ. ಏನೂ ಮಾಡಬೇಕಾಗಿಲ್ಲ.

ಚಕ್ರ ಬಿಚ್ಚಿ ಪಂಕ್ಚರ್ ಹಾಕಿಸಿದ ಮೇಲೆ ಶುರುವಾದರೆ ಆಕ್ಸಲ್ ಬಿಗಿ ಮಾಡುವಾಗ ಎರಡು ಕಾಲು ಒಂದಕ್ಕೊಂದು ಎಳೆದುಕೊಂಡಿವೆ. ಆಕ್ಸಲ್ ನಟ್ಟನ್ನು, ಪಿಂಚ್ ಬೋಲ್ಟ್ (ಕಾಲಿನ ತುದಿಯಲ್ಲಿ ಆಕ್ಸಲನ್ನು ಅದುಮಿ ಹಿಡಿಯುವ ಬೋಲ್ಟ್) ಇದ್ದರೆ ಅದನ್ನೂ ಸಡಿಲಿಸಿ. ಬೈಕನ್ನು ನೆಲಕ್ಕಿಳಿಸಿ ನಾಲ್ಕೈದು ಸಲ ಫೋರ್ಕ್ ಒತ್ತಿ. ಕಾಲುಗಳು ತಮ್ಮ ಜಾಗಕ್ಕೆ ಬರುತ್ತವೆ. ಆಮೇಲೆ ಆಕ್ಸಲ್ ಮೊದಲು, ಪಿಂಚ್ ಬೋಲ್ಟ್ ಕೊನೆಗೆ ಬಿಗಿ ಮಾಡಿ. ಐದು ನಿಮಿಷದ ಕೆಲಸ, ಎಷ್ಟೋ "ಹಾಳಾದ" ಶಾಕ್ ಇದರಿಂದಲೇ ಸರಿಹೋಗುತ್ತದೆ.

ಆಯಿಲ್ ಬದಲಿಸಿದ ಮೇಲೆ ಗಟ್ಟಿಯಾದರೆ ಜಾಸ್ತಿ ಹಾಕಿದ್ದಾರೆ, ಇಲ್ಲವೇ ದಪ್ಪ ಹಾಕಿದ್ದಾರೆ. ಗುರುತಿಸುವುದು ಸುಲಭ. ಮೊದಲರ್ಧ ಮೆತ್ತಗಿದ್ದು ಕೊನೆಯಲ್ಲಿ ಗೋಡೆ ಸಿಕ್ಕಂತೆ ನಿಂತರೆ ಪ್ರಮಾಣ ಜಾಸ್ತಿ. ಶುರುವಿನಿಂದಲೇ ಗಟ್ಟಿಯಾಗಿದ್ದು, ಸಾಲು ಗುಂಡಿಗಳ ರಸ್ತೆಯಲ್ಲಿ ಹೋಗ್ತಾ ಹೋಗ್ತಾ ಇನ್ನೂ ಗಟ್ಟಿಯಾದರೆ ದಪ್ಪ ಆಯಿಲ್. ಒಂದು ಗುಂಡಿಗೆ ಕುಗ್ಗಿದ ಫೋರ್ಕ್ ಪೂರ್ತಿ ಏಳುವ ಮೊದಲೇ ಇನ್ನೊಂದು ಗುಂಡಿ ಬರುತ್ತದೆ, ಹೀಗೆ ಫೋರ್ಕ್ ಕೆಳಗೆ ಕೆಳಗೆ ಕೂರುತ್ತದೆ.

ಬಿದ್ದ ಮೇಲೆ, ಅಥವಾ ಚರಂಡಿಗೆ ಇಳಿದ ಮೇಲೆ ಗಟ್ಟಿಯಾದರೆ ಪೈಪ್ ಬಾಗಿರಬಹುದು. ಹ್ಯಾಂಡಲ್ ನೇರ ಹಿಡಿದಾಗ ಚಕ್ರ ಸೊಟ್ಟ ಕಂಡರೆ ಒಮ್ಮೊಮ್ಮೆ ಕ್ಲಾಂಪಿನಲ್ಲಿ (ಹ್ಯಾಂಡಲ್ ಕೆಳಗೆ ಎರಡೂ ಪೈಪ್ ಹಿಡಿದಿರುವ ಭಾಗ) ಪೈಪ್ ತಿರುಚಿಕೊಂಡಿರುತ್ತದೆ ಅಷ್ಟೇ, ಸಡಿಲಿಸಿ ಕೂರಿಸಿದರೆ ಸರಿ. ಪೈಪ್ ನಿಜಕ್ಕೂ ಬಾಗಿದೆಯಾ ಅಂತ ತಿಳಿಯಲು ಬಿಚ್ಚಿ ದಪ್ಪ ಗಾಜಿನ ಮೇಲೆ ಉರುಳಿಸಬೇಕು. ಇದು ಗ್ಯಾರೇಜಿನ ಕೆಲಸ. ಬಾಗಿದ ಪೈಪಿನಲ್ಲಿ ಬಿರುಕು, ಸುಕ್ಕು ಕಂಡರೆ ನೇರ ಮಾಡಿಸಲು ಒಪ್ಪಬೇಡಿ, ಬದಲಿಸಿ.

## ಯಾವ ಆಯಿಲ್?

ಮೇಲಿನ ದೋಷಗಳೆಲ್ಲ ಇಲ್ಲ ಅಂತ ಖಾತ್ರಿಯಾಗಿ, ಒತ್ತಿ ಬಿಟ್ಟಾಗ ಫೋರ್ಕ್ ಕುಣಿಯುತ್ತಿದ್ದರೆ, ಆಯಿಲ್ ಮುದಿಯಾಗಿದೆ. ಸಾಮಾನ್ಯವಾಗಿ 20,000 ಕಿ.ಮೀ. ಅಥವಾ ಎರಡು ವರ್ಷ ಅನ್ನುವ ಲೆಕ್ಕವಿದೆ. ನಿಮ್ಮ ಬೈಕಿನ ಮ್ಯಾನುಯಲ್ ಹೇಳುವುದೇ ಅಂತಿಮ. ಆದರೆ ಹಳ್ಳ ದಾಟುವ, ದಿನಾ ಕೆಸರಿನಲ್ಲಿ ಓಡುವ ಬೈಕಿಗೆ ನಾನು ಅಷ್ಟು ಕಾಯಲು ಹೇಳುವುದಿಲ್ಲ. ಮಳೆ ನಿಂತು ದೀಪಾವಳಿ ಹೊತ್ತಿಗೆ, ಅಡಿಕೆ ಕೊಯ್ಲಿನ ಓಡಾಟ ಜೋರಾಗುವ ಮೊದಲು ಒಮ್ಮೆ ಆಯಿಲ್ ತೆಗೆದು ನೋಡುವುದು ಒಳ್ಳೆಯ ಅಭ್ಯಾಸ.

ಗ್ರೇಡ್ ವಿಷಯದಲ್ಲಿ ಮ್ಯಾನುಯಲ್ ಹೇಳಿದ್ದನ್ನೇ ಹಾಕಿ. ಅಲ್ಲಿ 10ಡಬ್ಲ್ಯೂ ಅಂತಿದ್ದರೆ 10ಡಬ್ಲ್ಯೂ (ಸಂಖ್ಯೆ ದೊಡ್ಡದಾದಷ್ಟೂ ಆಯಿಲ್ ದಪ್ಪ). ಒಂದು ತೊಡಕು ಮಾತ್ರ ಇದೆ. ಫೋರ್ಕ್ ಆಯಿಲ್ ಡಬ್ಬಿ ಮೇಲಿನ 5, 10, 15 ಅನ್ನುವ ಸಂಖ್ಯೆ ಎಲ್ಲ ಕಂಪನಿಗೂ ಒಂದೇ ಅಲ್ಲ. ಒಬ್ಬರ 10ಡಬ್ಲ್ಯೂ 40 ಡಿಗ್ರಿಯಲ್ಲಿ 33 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ) ಆಸುಪಾಸು ಇದ್ದರೆ ಇನ್ನೊಬ್ಬರದ್ದು 45ರ ಹತ್ತಿರ ಇರಬಹುದು. ಹಾಗಾಗಿ ಬ್ರ್ಯಾಂಡ್ ಬದಲಿಸಿದಾಗ "ಅದೇ ಗ್ರೇಡ್ ಹಾಕಿದ್ದೆ, ಆದರೂ ಗಟ್ಟಿಯಾಯ್ತು" ಅನ್ನುವ ದೂರು ಬರುತ್ತದೆ. ಕಂಪನಿಯ ಡೇಟಾ ಶೀಟ್‌ನಲ್ಲಿ 40 ಡಿಗ್ರಿಯ ಈ ಅಂಕಿ ಸಿಗುತ್ತದೆ, ಅದನ್ನು ಹೋಲಿಸಿ. ಅದರ ಪಕ್ಕದಲ್ಲಿರುವ ವಿಸ್ಕಾಸಿಟಿ ಇಂಡೆಕ್ಸ್ ಎಷ್ಟು ಜಾಸ್ತಿಯೋ ಚಳಿಗೂ ಸೆಕೆಗೂ ಆಯಿಲ್ ಅಷ್ಟು ಕಡಿಮೆ ಬದಲಾಗುತ್ತದೆ.

ಯಾವಾಗಲೂ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಮೂಟೆ ಹೇರಿಕೊಂಡು ಓಡಾಡುವವರು ಒಂದು ಮೆಟ್ಟಿಲು ದಪ್ಪ ಹಾಕಬಹುದಾ? ಫೋರ್ಕ್ ಬೇಗ ಬೇಗ ಕುಣಿಯುವುದೇ ತೊಂದರೆಯಾದರೆ ಒಂದು ಮೆಟ್ಟಿಲು ಏರಿಸಿ ನೋಡಬಹುದು, ಎರಡಲ್ಲ. ಆದರೆ ಹಿಂದಿನ ಕ್ಯಾರಿಯರ್ ಮೇಲಿನ ಮೂಟೆಯ ಭಾರ ಹೆಚ್ಚಾಗಿ ಹಿಂದಿನ ಶಾಕ್ ಮೇಲೆ ಬೀಳುತ್ತದೆ, ಮುಂದಿನದ್ದರ ಮೇಲಲ್ಲ. ಮೊದಲು ಹಿಂದಿನ ಶಾಕಿನ ಸ್ಪ್ರಿಂಗ್ ಅಡ್ಜಸ್ಟರ್ ತಿರುಗಿಸಿ ನೋಡಿ. ಅದಕ್ಕೆ ದುಡ್ಡಿಲ್ಲ.

ಎಂಜಿನ್ ಆಯಿಲ್ ಹಾಕುವ ಪದ್ಧತಿ ಇನ್ನೂ ಇದೆ. ಮ್ಯಾನುಯಲ್‌ನಲ್ಲೇ ಹಾಗೆ ಬರೆದಿರುವ ಹಳೆಯ ಬೈಕ್‌ಗಳನ್ನು ಬಿಟ್ಟರೆ ಬೇಡ. 20ಡಬ್ಲ್ಯೂ40 ಎಂಜಿನ್ ಆಯಿಲ್ ಫೋರ್ಕಿಗೆ ತೀರಾ ದಪ್ಪ. ಅದು ಫೋರ್ಕ್ ಒಳಗೆ ನೊರೆ ಏಳದಂತೆ ತಯಾರಾದದ್ದಲ್ಲ, ನೊರೆ ಬಂದರೆ ತಡೆ ಹೋಯಿತು. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಅಷ್ಟು ಕೆಟ್ಟದ್ದಲ್ಲ. ಹೋಂಡಾದ ಹಳೆಯ ಕೆಲವು ಮಾಡೆಲ್‌ಗಳಿಗೆ ಕಂಪನಿಯೇ ಅದನ್ನು ಹೇಳಿತ್ತು, ದಪ್ಪವೂ 10ಡಬ್ಲ್ಯೂ ಹತ್ತಿರ. ಆದರೂ ಫೋರ್ಕ್ ಆಯಿಲ್ ಸಿಗುವಾಗ ಅದನ್ನೇ ಹಾಕಿ. ಸಣ್ಣ ಬೈಕಿಗೆ ಎರಡೂ ಕಾಲಿಗೆ ಸೇರಿ ಅರ್ಧ ಲೀಟರ್ ಕೂಡ ಬೇಕಾಗುವುದಿಲ್ಲ. ಉಳಿಸುವ ದುಡ್ಡು ಎಷ್ಟು ಮಹಾ?

## ಬದಲಿಸುವುದು

ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದರೆ ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಗ್ಯಾರೇಜಿಗೆ ಕೊಟ್ಟು, ಪಕ್ಕದಲ್ಲಿ ನಿಂತು ಮಟ್ಟ ಅಳೆಯಲು ಹೇಳಿ.

ಬೈಕ್ ಡಬಲ್ ಸ್ಟ್ಯಾಂಡ್ ಮೇಲಿರಲಿ, ಎಂಜಿನ್ ಕೆಳಗೆ ಜಾಕ್ ಅಥವಾ ಗಟ್ಟಿ ಮರದ ದಿಮ್ಮಿ ಇರಲಿ. ಅಂಗಳದ ಮಣ್ಣಿನ ಮೇಲೆ ಮಾಡಬೇಡಿ, ಸ್ಟ್ಯಾಂಡ್ ಹೂತು ಬೈಕ್ ವಾಲುತ್ತದೆ. ಕ್ಯಾಲಿಪರ್ ಬಿಚ್ಚಿದ ಮೇಲೆ ತಂತಿಯಲ್ಲಿ ಕಟ್ಟಿ ತೂಗಿಸಿ, ಬ್ರೇಕ್ ಹೋಸಿನಲ್ಲಿ ನೇತಾಡಿಸಬೇಡಿ. ಡಿಸ್ಕ್ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಬೇಡಿ. ಪೈಪ್ ಮೇಲಿನ ಕ್ಲಾಂಪಿನಿಂದ ಎಷ್ಟು ಹೊರಗಿದೆ ಅಂತ ಅಳೆದು ಬರೆದಿಟ್ಟುಕೊಳ್ಳಿ.

ಫೋರ್ಕಿನ ಮೇಲಿನ ಕ್ಯಾಪನ್ನು ಪೈಪ್ ಇನ್ನೂ ಬೈಕಿನಲ್ಲಿರುವಾಗಲೇ ಸಡಿಲಿಸಬೇಕು, ಹೊರಗೆ ತೆಗೆದ ಮೇಲೆ ಹಿಡಿದುಕೊಳ್ಳಲು ಆಗುವುದಿಲ್ಲ. ಮೊದಲು ಮೇಲಿನ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಆಮೇಲೆ ಕ್ಯಾಪನ್ನು ಅರ್ಧ ಸುತ್ತು, ಆಮೇಲೆ ಕೆಳಗಿನ ಕ್ಲಾಂಪ್. ಕ್ಯಾಪ್ ಅಡಿಯಲ್ಲಿ ಸ್ಪ್ರಿಂಗ್ ಒತ್ತಿಕೊಂಡಿದೆ. ಕೊನೆಯ ಸುತ್ತುಗಳಲ್ಲಿ ಮುಖ ಪಕ್ಕಕ್ಕಿರಲಿ, ಬಟ್ಟೆ ಹಿಡಿದು ಕೆಳಗೆ ಒತ್ತಿಕೊಂಡೇ ತಿರುಗಿಸಿ. ಕಣ್ಣಿಗೆ ಕನ್ನಡಕ ಹಾಕಿ.

ಸ್ಪ್ರಿಂಗ್ ಯಾವ ತುದಿ ಮೇಲಿತ್ತು ಅಂತ ಗಮನಿಸಿ. ಸುರುಳಿ ಒಂದು ಕಡೆ ಒತ್ತಾಗಿರುತ್ತದೆ, ಹಾಗೇ ವಾಪಸ್ ಹೋಗಬೇಕು. ಆಯಿಲನ್ನು ಬಿಳಿ ಪಾತ್ರೆಗೆ ಸುರಿಯಿರಿ, ಮೆಲ್ಲಗೆ ಹತ್ತು ಸಲ ಪಂಪ್ ಮಾಡಿ, ತಲೆಕೆಳಗಾಗಿ ಒಂದು ಗಂಟೆ ನಿಲ್ಲಿಸಿ.

ಈಗ ಪಾತ್ರೆ ನೋಡಿ. ಇಲ್ಲಿ ಅರ್ಧ ರೋಗ ಗೊತ್ತಾಗುತ್ತದೆ. ಬೂದು ಬಣ್ಣ, ಬೆಳ್ಳಿಯ ಮಿನುಗು ಇದ್ದರೆ ಲೋಹ ಸವೆಯುತ್ತಿದೆ. ಸ್ವಲ್ಪ ಮಿನುಗು ಮಾಮೂಲಿ, ಬೆರಳಿಗೆ ಚೂರು ಸಿಕ್ಕರೆ ಬುಷ್ ನೋಡಿಸಬೇಕು. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಸೀಲ್ ದಾಟಿ ಅಥವಾ ಮೇಲಿನ ಕ್ಯಾಪಿನ ಓ-ರಿಂಗ್ ದಾಟಿ ಬಂದಿರುತ್ತದೆ, ಎರಡನ್ನೂ ಬದಲಿಸಿ. ಒಂದು ಕಾಲಿನಿಂದ ಇನ್ನೊಂದಕ್ಕಿಂತ ತೀರಾ ಕಡಿಮೆ ಬಂದರೆ ಆ ಕಡೆ ಸೀಲ್ ಸೋರಿದೆ. ಹೊರಬಂದ ಪ್ರಮಾಣವನ್ನೇ ಅಳೆದು ಅಷ್ಟೇ ಹೊಸದು ಹಾಕಬೇಡಿ, ಹಳೆಯದು ಸರಿಯಾಗಿತ್ತು ಅನ್ನುವ ಖಾತ್ರಿ ಎಲ್ಲಿದೆ?

ತೊಳೆಯಲು ಸೀಮೆಎಣ್ಣೆ, ಪೆಟ್ರೋಲ್ ಬೇಡ. ಒಳಗೆ ಉಳಿದದ್ದು ಹೊಸ ಆಯಿಲನ್ನು ತೆಳುವಾಗಿಸುತ್ತದೆ. ಸ್ವಲ್ಪ ಹೊಸ ಫೋರ್ಕ್ ಆಯಿಲ್ ಹಾಕಿ, ಆಡಿಸಿ, ಚೆಲ್ಲಿ.

ಹೊಸ ಆಯಿಲ್ ಎಷ್ಟು? ಮ್ಯಾನುಯಲ್ ಎಂಎಲ್ ಲೆಕ್ಕ ಕೊಡುತ್ತದೆ. ಎಷ್ಟೋ ಬೈಕಿಗೆ ಎರಡು ಲೆಕ್ಕ ಇರುತ್ತದೆ. ಬರೀ ಆಯಿಲ್ ಬದಲಿಸಿದಾಗ ಕಡಿಮೆ, ಪೂರ್ತಿ ಬಿಚ್ಚಿ ಒಣಗಿಸಿದಾಗ ಜಾಸ್ತಿ. ಯಾಕೆಂದರೆ ಎಷ್ಟು ಸುರಿದರೂ ಒಳಗೆ ಸ್ವಲ್ಪ ಅಂಟಿಕೊಂಡಿರುತ್ತದೆ. ಅದಕ್ಕೇ ಮಟ್ಟ ಅಳೆಯುವುದು ಹೆಚ್ಚು ನಂಬಿಕೆಯ ದಾರಿ. ಸ್ಪ್ರಿಂಗ್ ಹೊರಗಿರಲಿ, ಫೋರ್ಕ್ ಪೂರ್ತಿ ಕುಗ್ಗಿಸಿ ನೇರ ನಿಲ್ಲಿಸಿ. ಆಯಿಲ್ ಹಾಕಿ, ಗುಳ್ಳೆ ನಿಲ್ಲುವ ತನಕ ಮೆಲ್ಲಗೆ ಪಂಪ್ ಮಾಡಿ, ಹತ್ತು ನಿಮಿಷ ಬಿಡಿ. ಆಮೇಲೆ ಪೈಪಿನ ಬಾಯಿಂದ ಆಯಿಲ್ ತನಕ ಸ್ಟೀಲ್ ಸ್ಕೇಲ್‌ನಲ್ಲಿ ಅಳೆಯಿರಿ. ಮೆಡಿಕಲ್ ಶಾಪ್‌ನ ದೊಡ್ಡ ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿದರೆ ಜಾಸ್ತಿಯಾದದ್ದನ್ನು ಎಳೆದು ತೆಗೆಯಬಹುದು.

ಇಷ್ಟು ಸೂಕ್ಷ್ಮ ಯಾಕೆ ಅನ್ನಬಹುದು. ಪೈಪಿನ ಒಳಗಿನ ಅಗಲ 28 ಮಿ.ಮೀ. ಇದ್ದರೆ 10 ಎಂಎಲ್ ಹೆಚ್ಚುಕಮ್ಮಿ ಆದರೂ ಮಟ್ಟ 16 ಮಿ.ಮೀ. ಬದಲಾಗುತ್ತದೆ. ಕಣ್ಣಳತೆಯಲ್ಲಿ ಹಾಕಿದಾಗ ಎರಡು ಕಾಲು ಎರಡು ಥರ ಆಗುವುದು ಹೀಗೆ. ಎರಡೂ ಕಡೆ ಮಟ್ಟ ಒಂದೇ ಇರಲೇಬೇಕು.

ಸೀಲ್ ಬದಲಿಸುವುದು ಇದಕ್ಕಿಂತ ಒಂದು ಹಂತ ಮೇಲಿನ ಕೆಲಸ. ಕಾಲಿನ ತಳದ ಅಲೆನ್ ಬೋಲ್ಟ್ ಬಿಚ್ಚಬೇಕು. ಒಳಗಿನ ರಾಡ್ ಜೊತೆಗೇ ತಿರುಗಿ ಬೋಲ್ಟ್ ಬರದೆ ಸತಾಯಿಸುತ್ತದೆ, ಬಲವಂತ ಮಾಡಿದರೆ ಬೋಲ್ಟಿನ ತಲೆ ಸವೆದು ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿ, ಇಂಪ್ಯಾಕ್ಟ್ ಗನ್ ಇರುವ ಗ್ಯಾರೇಜಿಗೆ ಹೋಗಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲೆಡೆ ಸಿಗುತ್ತಾರೆ. ಎರಡೂ ಕಡೆಯ ಸೀಲ್, ಡಸ್ಟ್ ಸೀಲ್, ತಳದ ತಾಮ್ರದ ವಾಷರ್ ಒಟ್ಟಿಗೇ ಹೊಸದಾಗಲಿ. ಹೊಸ ಸೀಲ್ ತೂರಿಸುವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಎಣ್ಣೆ ಸವರಿದರೆ ಸೀಲಿನ ತುಟಿ ಹರಿಯುವುದಿಲ್ಲ.

ಜೋಡಿಸುವಾಗ ಕ್ಯಾಪನ್ನು ಕೈಯಲ್ಲೇ ಮೊದಲ ಸುತ್ತುಗಳನ್ನು ಕೂರಿಸಿ, ಮರೆ (ಥ್ರೆಡ್) ಅಡ್ಡಡ್ಡ ಹತ್ತಿದರೆ ಪೈಪೇ ಹಾಳು. ಬರೆದಿಟ್ಟ ಅಳತೆಗೆ ಪೈಪ್ ಕೂರಿಸಿ, ಕೆಳಗಿನ ಕ್ಲಾಂಪ್, ಕ್ಯಾಪ್, ಮೇಲಿನ ಕ್ಲಾಂಪ್, ಈ ಕ್ರಮದಲ್ಲಿ ಬಿಗಿ ಮಾಡಿ. ಎಷ್ಟು ಬಿಗಿ ಅನ್ನುವುದು ಮ್ಯಾನುಯಲ್‌ನಲ್ಲಿದೆ. ಅಲ್ಯೂಮಿನಿಯಂ ಕ್ಲಾಂಪಿಗೆ ಮೈಬಲ ತೋರಿಸಬೇಡಿ.

## ಹೊರಡುವ ಮೊದಲು, ಹೋಗಿ ಬಂದ ಮೇಲೆ

ಬೈಕ್ ನೆಲಕ್ಕಿಳಿಸಿದ ಕೂಡಲೇ ಮುಂದಿನ ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಒತ್ತಿ. ಚಕ್ರ ಹಾಕಿದ ಮೇಲೆ ಮೊದಲ ಒಂದೆರಡು ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ. ಇದನ್ನು ಮರೆತು ಇಳಿಜಾರಿಗೆ ಹೊರಟರೆ ಅಪಾಯ. ಹ್ಯಾಂಡಲ್ ಎರಡೂ ತುದಿಗೆ ತಿರುಗಿಸಿ, ಕೇಬಲ್ ಎಳೆಯುತ್ತಿಲ್ಲ ಅಂತ ನೋಡಿ. ಊರೊಳಗೆ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ಘಾಟಿ ಆಮೇಲೆ.

ಕೇಬಲ್ ಟೈ ಮತ್ತೆ ಕಟ್ಟಿ. ಮೊದಲಿನ ಗುರುತಿಗೆ ಹೋಲಿಸಿ. ಗಟ್ಟಿ ಅನ್ನಿಸಿದರೆ ಒಂದೊಂದು ಕಾಲಿನಿಂದ 5 ಎಂಎಲ್ ತೆಗೆದು ನೋಡಬಹುದು, ಆದರೆ ಮ್ಯಾನುಯಲ್‌ನ ಮಿತಿಗಿಂತ ಕೆಳಗೆ ಹೋಗಬೇಡಿ. ಎರಡನೇ ದಿನ ಪೈಪ್ ಒರೆಸಿ ಉಂಗುರ ಇದೆಯಾ ನೋಡಿ. ತಳದ ಬೋಲ್ಟಿನ ಹತ್ತಿರ ಹನಿ ಕಂಡರೆ ತಾಮ್ರದ ವಾಷರ್ ಸರಿಯಾಗಿ ಕೂತಿಲ್ಲ. ಇಷ್ಟೆಲ್ಲ ಆದ ಮೇಲೂ ಬೈಕ್ ಒಂದು ಕಡೆ ಎಳೆದರೆ, ವೇಗದಲ್ಲಿ ಹ್ಯಾಂಡಲ್ ನಡುಗಿದರೆ, ಬ್ರೇಕ್ ಹಿಡಿದಾಗ ಕತ್ತಿನಲ್ಲಿ ಬಡಿದರೆ ಓಡಿಸುವುದು ನಿಲ್ಲಿಸಿ ಕ್ಲಾಂಪ್, ಕೋನ್ ಸೆಟ್, ಆಕ್ಸಲ್ ಮೂರನ್ನೂ ತಿಳಿದವರಿಂದ ನೋಡಿಸಿ.

ತೆಗೆದ ಹಳೆ ಆಯಿಲನ್ನು ತೋಟದ ಮೂಲೆಗೆ, ಚರಂಡಿಗೆ ಸುರಿಯಬೇಡಿ. ನಮ್ಮ ಚರಂಡಿ ಹಳ್ಳಕ್ಕೆ, ಹಳ್ಳ ತುಂಗೆಗೋ ಶರಾವತಿಗೋ ಸೇರುತ್ತದೆ, ಕುಡಿಯುವ ನೀರೂ ಅದೇ. ಬಾಟಲಿಗೆ ತುಂಬಿ ಹತ್ತಿರದ ಗ್ಯಾರೇಜಿನ ಹಳೆ ಆಯಿಲ್ ಡ್ರಮ್ಮಿಗೆ ಹಾಕಿ ಬನ್ನಿ.